ಕುದುರೆ ಇಲ್ಲದ ರಾಯಭಾರ

ಜಿಲ್ಲೆಗೆ ಹೊಸ ಉಸ್ತುವಾರಿ ಸಚಿವರು ಅಂತ ಸುದ್ದಿ ಬಂದರೆ ಸಾಕು, ರಾಯಚೂರಿನಲ್ಲಿ ಶಾಲು, ಹಾರ, ಫ್ಲೆಕ್ಸ್ ಮಾರುವವರಿಗೆ ಸುಗ್ಗಿ. ಸಂಘ ಒಂದಿದ್ದರೆ ನಿಯೋಗ ಒಂದು. ಸಂಘ ಒಡೆದಿದ್ದರೆ ನಿಯೋಗ ಎರಡು. ದೊರೆ ಗಾದಿ ಮೇಲೆ ಸರಿಯಾಗಿ ಕೂರುವ ಮೊದಲೇ ಹೋಗಿ ಕಾಣಬೇಕು, ಇಲ್ಲದಿದ್ದರೆ ಬೇರೆ ಜಿಲ್ಲೆಯವರು ಕೆಲಸ ಮಾಡಿಸಿಕೊಂಡು ಬಿಡ್ತಾರೆ ಅನ್ನೋ ಆತುರ. ಆತುರ ತಪ್ಪಲ್ಲ. ಆದರೆ ಹೋಗುವಾಗ ಕೈಯಲ್ಲಿ ಏನಿದೆ ಅಂತ ಒಮ್ಮೆ ನೋಡಿಕೊಳ್ಳಬೇಕಲ್ವಾ?

ಹೊಸ ದೊರೆಯನ್ನು ಬೇಗ ಕಾಣುವ ಪದ್ಧತಿ ತುಂಗಭದ್ರೆಯ ದಂಡೆಗೆ ಹೊಸದಲ್ಲ. 1509ರಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದ. ಮರುವರ್ಷವೇ ಪೋರ್ಚುಗೀಸರ ರಾಯಭಾರಿ ವಿಜಯನಗರಕ್ಕೆ ಹಾಜರ್. ಹೆಸರು ಲೂಯಿಸ್, ವೃತ್ತಿಯಲ್ಲಿ ಪಾದ್ರಿ. ಕಳಿಸಿದವನು ಗವರ್ನರ್ ಅಲ್ಬುಕರ್ಕ್. ಈ ಗವರ್ನರ್ ಸಾಹೇಬ 1510ರ ಜನವರಿಯಲ್ಲಿ ಕಲ್ಲಿಕೋಟೆ ಮೇಲೆ ಬಿದ್ದು, ಚೆನ್ನಾಗಿ ಏಟು ತಿಂದು ವಾಪಸ್ ಬಂದಿದ್ದ. ಜೊತೆಗೆ ಹೋಗಿದ್ದ ಮಾರ್ಷಲ್ ಅಲ್ಲೇ ಸತ್ತಿದ್ದ. ಅಂಥವನ ಮನವಿ ಹೇಗಿರಬೇಕು? ಕೈಮುಗಿದು, ಬಗ್ಗಿ, ಕಣ್ಣೀರು ಹಾಕಿ ಬರೆದಿರಬೇಕು ಅಂತ ನಾವು ಅಂದುಕೊಳ್ತೀವಿ. ಹಾಗೇನಿಲ್ಲ. ಕಲ್ಲಿಕೋಟೆಯ ದೊರೆ ಸಾಮೂದ್ರಿ ಮೇಲೆ ನೀವು ನೆಲದಿಂದ ಬನ್ನಿ, ನಾವು ನೀರಿನಿಂದ ಬರುತ್ತೇವೆ. ಭಟ್ಕಳದ ಕಡೆ ನಮಗೊಂದು ಕೋಟೆ ಕಟ್ಟಿಕೊಳ್ಳೋಕೆ ಜಾಗ ಕೊಡಿ. ಪರ್ಷಿಯಾ ಕೊಲ್ಲಿಯ ಹೋರ್ಮುಜ್ ಬಂದರಿನಿಂದ ಬರುವ ಕುದುರೆ ನಿಮಗೇ ಕೊಡುತ್ತೇವೆ. ಸೋತು ಬಂದವನ ಗತ್ತು ನೋಡಿ!

ರಾಯ ಏನು ಮಾಡಿದ? ಪಾದ್ರಿಯನ್ನು ಆದರದಿಂದ ಬರಮಾಡಿಕೊಂಡ. ಕೋಟೆ ವಿಷಯಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಮರ್ಯಾದೆ ಪೂರ್ತಿ, ಉತ್ತರ ನಾಸ್ತಿ. ಇದನ್ನೇ ಈಗ ನಾವು ಪೇಪರಿನಲ್ಲಿ 'ಸಕಾರಾತ್ಮಕವಾಗಿ ಸ್ಪಂದಿಸಿದರು' ಅಂತ ಓದುತ್ತೇವೆ. ಪಾಪ, ಪಾದ್ರಿ ವಿಜಯನಗರದಲ್ಲೇ ಕೊಲೆಯಾದ. ಅದರಲ್ಲಿ ಬಿಜಾಪುರದ ಸುಲ್ತಾನ ಆದಿಲ್ ಶಾಹನ ಕೈವಾಡ ಇದೆ ಅನ್ನೋ ಗುಮಾನಿ ಪೋರ್ಚುಗೀಸರಿಗೆ ಇತ್ತು. ಭಟ್ಕಳದ ಅನುಮತಿ ಸಿಕ್ಕಿದ್ದು ಅಲ್ಬುಕರ್ಕ್ ಗೋವಾ ಗೆದ್ದುಕೊಂಡ ಮೇಲೆ. ಗೆದ್ದವನ ಅರ್ಜಿ ಬೇಗ ಕಣ್ಣಿಗೆ ಬೀಳುತ್ತದೆ.

ಆದರೂ ಸತ್ತ ಪಾದ್ರಿಯ ಹಿಂದೆ ಒಂದು ಬಲ ಇತ್ತು. ಅದು ಕುದುರೆ. ನಮ್ಮ ಸೀಮೆಯ ತಳಿ ಯುದ್ಧಕ್ಕೆ ಸಾಲುತ್ತಿರಲಿಲ್ಲ. ಅರಬ್ ಕುದುರೆ ಇಲ್ಲದೆ ರಾಯಚೂರು ಕೋಟೆ ಕಡೆ ತಲೆ ಹಾಕುವಂತಿರಲಿಲ್ಲ. ವಿಜಯನಗರದ ದೊರೆ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಅಂತ ಪೋರ್ಚುಗೀಸ್ ವ್ಯಾಪಾರಿ ನುನೀಜ್ ಬರೆದಿಟ್ಟಿದ್ದಾನೆ. ಅದಕ್ಕೂ ಹಿಂದಿನ ಸಾಳುವ ನರಸಿಂಹನ ಕಾಲದ್ದೊಂದು ಮಾತು ಅವನಲ್ಲೇ ಇದೆ. ಹಡಗಿನಲ್ಲಿ ಕುದುರೆ ಸತ್ತರೆ ಅದರ ಬಾಲ ತಂದು ತೋರಿಸಿದರಾಯಿತು, ಬದುಕಿದ ಕುದುರೆಗೆ ಕೊಟ್ಟಷ್ಟೇ ದುಡ್ಡು ಎಣಿಸಿ ಕೊಡುತ್ತಿದ್ದರಂತೆ. (ಬಾಲ ತೋರಿಸಿ ಬಿಲ್ ಪಾಸ್ ಮಾಡಿಸೋ ವಿದ್ಯೆ ಇಷ್ಟು ಹಳೆಯದು. ನಮ್ಮ ರಸ್ತೆ ಗುತ್ತಿಗೆದಾರರನ್ನು ಸುಮ್ನೆ ಬೈಯಬೇಡಿ.)

ಅಲ್ಬುಕರ್ಕ್ ಕೊನೆಯವರೆಗೂ ಕುದುರೆಯ ಲಗಾಮು ಬಿಡಲಿಲ್ಲ. 1515ರಲ್ಲಿ ಸಾಯುವ ಸ್ವಲ್ಪ ಮುಂಚೆ ರಾಯನಿಗೆ ಹೇಳಿ ಕಳಿಸಿದ: ವರ್ಷಕ್ಕೆ 30,000 ಕ್ರುಜಾಡೊ (ಪೋರ್ಚುಗೀಸರ ಚಿನ್ನದ ನಾಣ್ಯ) ಕೊಡಿ, ಕುದುರೆ ಎಲ್ಲ ಮೊದಲು ನಿಮಗೇ. ಅದೇ ಹೊತ್ತಿಗೆ ಬಿಜಾಪುರಕ್ಕೂ ಕಾಗದ ಹೋಯಿತು: ಗೋವಾ ಎದುರಿನ ಒಂದಷ್ಟು ನೆಲ ಬಿಟ್ಟುಕೊಡಿ, ಕುದುರೆ ಎಲ್ಲ ಮೊದಲು ನಿಮಗೇ. ಒಂದೇ ಲಾಯ, ಇಬ್ಬರು ಗಿರಾಕಿ! ಮೋಸ ಅಂತೀರಾ? ಇರಬಹುದು. ಆದರೆ ಕುದುರೆ ಮಾತ್ರ ಅವನ ಹತ್ತಿರವೇ ಇತ್ತು.

ಈಗ ನಮ್ಮ ಕಡೆ ಬರೋಣ. ರಾಯಚೂರಿಗೆ ಐಐಟಿ ಕೊಡಿ ಅಂತ 2002ರಲ್ಲೇ, ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿಯ ವರದಿ ಹೇಳಿತ್ತು. ಐಐಟಿ 2016ರಲ್ಲಿ ಧಾರವಾಡದಲ್ಲಿ ಶುರುವಾಯಿತು. ಆಮೇಲೆ ನಮ್ಮ ಕೈಗೆ ಐಐಐಟಿ (ಮಾಹಿತಿ ತಂತ್ರಜ್ಞಾನ ಸಂಸ್ಥೆ) ಬಂತು. ಹೋಗಲಿ, ಏಮ್ಸ್ ಆದರೂ ಕೊಡಿ ಅಂತ 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಅಷ್ಟರಲ್ಲಿ ರಾಜ್ಯದಲ್ಲಿ ಸರ್ಕಾರವೇ ಬದಲಾಯಿತು. ಪತ್ರ ಹೋದವು, ಭರವಸೆ ಬಂದವು. ಟೆಂಟಿನ ಬಟ್ಟೆ ಬಿಸಿಲಿಗೆ ಬಣ್ಣ ಕಳೆದುಕೊಂಡಿತು. ರಾಯಚೂರು ಬಿಸಿಲು ಅಂದರೆ ಗೊತ್ತಲ್ಲ.

ಧರಣಿ ಕೂತವರನ್ನು ನಾನು ಆಡಿಕೊಳ್ಳುತ್ತಿಲ್ಲ. ಅಷ್ಟು ದಿನ ಹಟ ಹಿಡಿದು ಕೂರೋದು ಹುಡುಗಾಟವಲ್ಲ. ನಗು ಬರೋದು ಸರ್ಕ್ಯೂಟ್ ಹೌಸಿಗೆ ಹೋಗುವ ನಮ್ಮ ರಾಯಭಾರಿಗಳನ್ನು ಕಂಡು. ಒಂದು ನಿಯೋಗದ ಹಿಂದೆ ನಾನೂ ನಿಂತಿದ್ದೆ. ಹತ್ತು ಗಂಟೆಗೆ ಬರಬೇಕಿದ್ದ ಸಾಹೇಬರು ಮಧ್ಯಾಹ್ನ ಎರಡಕ್ಕೆ ಬಂದರು. ಗೇಟಿನಲ್ಲಿ ಕ್ರೇನ್‌ನಿಂದ ಸೇಬಿನ ಹಾರ. ಹಾರ ಇಳಿಯೋಕೂ ಮುಂಚೆ ಅರ್ಧ ಸೇಬು ಹುಡುಗರ ಜೇಬಿಗೆ. ಒಳಗೆ ಶಾಲು ಹೊದಿಸಿದರು, ಅಂಚಿನಲ್ಲಿ ಇನ್ನೂ ರೇಟಿನ ಚೀಟಿ ನೇತಾಡುತ್ತಿತ್ತು. ಪೇಟ ತೊಡಿಸಿದರು. ಆಮೇಲೆ ಮನವಿ ಪತ್ರ. ಸಾಹೇಬರು ಅದನ್ನು ತೆಗೆದುಕೊಂಡು, ನೋಡದೇ ಪಿಎ ಕೈಗೆ ದಾಟಿಸಿದರು. ಅಷ್ಟರಲ್ಲಿ ಫೋಟೋದವನು ಕೂಗಿದ:

"ಸರ, ಇನ್ನೊಮ್ಮೆ ಕೊಡ್ರಿ, ಕಣ್ಣು ಮುಚ್ಚಿದ್ರಿ!"

ಪಿಎ ಮನವಿಯನ್ನು ವಾಪಸ್ ಕೊಟ್ಟ. ಇಡೀ ರಾಯಭಾರದಲ್ಲಿ ನಮ್ಮ ಕೈ ಮೇಲಾಗಿದ್ದು ಆ ಒಂದು ಕ್ಷಣ ಮಾತ್ರ. ಪತ್ರ ನಮ್ಮ ಹತ್ತಿರ, ಸಾಹೇಬರ ಕೈ ಚಾಚಿದೆ, ಕ್ಯಾಮೆರಾ ಕಾಯ್ತಿದೆ. 'ಮೊದಲು ತಾರೀಖು ಹೇಳ್ರಿ ಸಾಹೇಬ್ರೆ, ಆಮೇಲೆ ಫೋಟೋ' ಅನ್ನಬಹುದಿತ್ತು. ನಮ್ಮ ಅಧ್ಯಕ್ಷರು ಹಲ್ಲು ಕಿರಿದು ಇನ್ನೊಮ್ಮೆ ಕೊಟ್ಟರು. ಈ ಸಲ ಚೆನ್ನಾಗಿ ಬಂತಂತೆ.

ಹಾಗಾದರೆ ನಮ್ಮ ಹತ್ತಿರ ಕುದುರೆ ಇರಲಿಲ್ಲವೇ? ಇದ್ದವು. ಒಂದಲ್ಲ, ಎರಡು. ಶಕ್ತಿನಗರದಲ್ಲಿ 1,720 ಮೆಗಾವಾಟ್‌ನ ಶಾಖೋತ್ಪನ್ನ ಕೇಂದ್ರ ಇದೆ. ಕರೆಂಟು ರಾಜ್ಯಕ್ಕೆ, ಹಾರುಬೂದಿ ನಮಗೆ. ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಚಿನ್ನ ಎಲ್ಲಿಗೆ ಹೋಗುತ್ತೆ ಅಂತ ಕೇಳಬೇಡಿ, ನಮ್ಮ ಮನೆಗಂತೂ ಬರಲ್ಲ. ಇವನ್ನು ಕೊಡುವಾಗ ಯಾರೂ 'ಬದಲಿಗೆ ಏನು' ಅಂತ ಕೇಳಲಿಲ್ಲ. ಕುದುರೆ ಹೊರಟು ಹೋದ ಮೇಲೆ ನಾವು ಕೈಯಲ್ಲಿ ಬಾಲವೂ ಇಲ್ಲದೆ ಬೆಲೆ ಮಾತಾಡ್ತಾ ನಿಂತಿದ್ದೇವೆ. ನರಸಿಂಹನ ಕಾಲವಾಗಿದ್ದರೆ ಬಾಲಕ್ಕಾದರೂ ದುಡ್ಡು ಸಿಗುತ್ತಿತ್ತು.

ನಮಸ್ಕಾರದ ವಿಷಯಕ್ಕೂ ಒಂದು ಹಳೆಯ ಕಥೆ ಇದೆ, ಅದಂತೂ ನಮ್ಮೂರಿನದೇ. 1520ರಲ್ಲಿ ರಾಯ ಆದಿಲ್ ಶಾಹನನ್ನು ಸೋಲಿಸಿ ರಾಯಚೂರು ಕೋಟೆ ಹಿಡಿದ. ಬಿಜಾಪುರದ ರಾಯಭಾರಿ ಬಂದು, ಕೋಟೆ ವಾಪಸ್ ಕೊಡಿ ಅಂತ ಕೇಳಲು ಕಾದ. ಒಂದು ತಿಂಗಳು ಕಾಯಿಸಿ ಆಮೇಲೆ ದರ್ಶನ ಕೊಟ್ಟರು ಅಂತ ನುನೀಜ್ ಬರೆದಿದ್ದಾನೆ. ರಾಯನ ಉತ್ತರ ಖಡಕ್ಕಾಗಿತ್ತು: ನಿಮ್ಮ ಸುಲ್ತಾನ ಬಂದು ನನ್ನ ಪಾದಕ್ಕೆ ಮುತ್ತಿಡಲಿ, ಎಲ್ಲ ವಾಪಸ್. ಅದಕ್ಕಾಗಿ ರಾಯ ಮುದಗಲ್‌ವರೆಗೂ ಬಂದ. ಸುಲ್ತಾನ ಬರಲೇ ಇಲ್ಲ. ಕೋಟೆ ಹೋಗಿತ್ತು, ಸೈನ್ಯ ಚೆಲ್ಲಾಪಿಲ್ಲಿಯಾಗಿತ್ತು, ಆದರೂ ಬರಲಿಲ್ಲ. ನಮ್ಮವರಿಗೆ ಯಾರೂ ಷರತ್ತು ಹಾಕಬೇಕಾಗಿಲ್ಲ. ಸಾಹೇಬರ ಕಾರಿನ ಬಾಗಿಲು ತೆರೆಯುವಷ್ಟರಲ್ಲಿ ಆ ಕೆಲಸ ಮುಗಿಸಿ, ಎದ್ದು, ಮೊಣಕಾಲಿನ ಧೂಳು ಕೊಡವಿಕೊಳ್ಳುತ್ತಿರುತ್ತಾರೆ. ಬೇಡಿಕೆ ಹೇಳೋದು ಆಮೇಲೆ, ನೆನಪಿದ್ದರೆ.

ಮತ್ತೆ ಸಂಪುಟ ಬದಲಾವಣೆಯ ಗಾಳಿಸುದ್ದಿ ಎದ್ದಿದೆ. ನಮ್ಮ ಅಧ್ಯಕ್ಷರು ಆಗಲೇ ಸ್ಟೇಷನ್ ರಸ್ತೆಯ ಜೆರಾಕ್ಸ್ ಅಂಗಡಿಗೆ ಹೋಗಿ ಬಂದರು. ಆ ಹುಡುಗನ ಕಂಪ್ಯೂಟರಿನಲ್ಲಿ ಮನವಿ ಪತ್ರ ಹಾಗೇ ಇದೆ, ಮೇಲಿನ ಹೆಸರು ಬದಲಿಸಿದರೆ ಮುಗೀತು. ಅವನು ಬಲು ಜಾಣ. ಅಧ್ಯಕ್ಷರನ್ನೇ ಕೇಳಿದನಂತೆ: "ಕಾಕಾ, ಹೆಸರಿನ ಜಾಗ ಖಾಲಿ ಬಿಟ್ಟು ಒಮ್ಮೆಗೇ ನೂರು ಕಾಪಿ ತೆಗೀಲೇನ್ರಿ? ರೇಟು ಕಡಿಮಿ ಬೀಳ್ತದ."