ಹಿಂದಿನ ಸಾಲಿನ ಮೊಬೈಲಿಗೆ ದೊಡ್ಡ ನಮಸ್ಕಾರ

2020ರ ಕೋವಿಡ್ ಕಾಲದ ಒಂದು ಸಂಜೆ, ನಾಟಕವೊಂದರ ಲೈವ್ (ಇಂಟರ್ನೆಟ್ಟಿನ ನೇರ ಪ್ರಸಾರ) ಮನೆಯಲ್ಲೇ ನೋಡೋಣ ಅಂತ ಕೂತೆ. ಮತ್ತೆ ಅದೇ ಕಥೆ. ಪೋಸ್ಟರಿನಲ್ಲಿ "ರಂಗಮಂದಿರದಲ್ಲೂ ನೋಡಿ, ಮನೆಯಲ್ಲೂ ನೋಡಿ" ಅಂತ ದಪ್ಪಕ್ಷರ. ಲೈವ್ ತೆರೆದರೆ ಕಂಡದ್ದು ಮುಂದೆ ಕೂತ ಯಜಮಾನರೊಬ್ಬರ ಅರ್ಧ ತಲೆ, ಅದರಾಚೆ ಬೆಂಕಿಪೊಟ್ಟಣದಷ್ಟು ರಂಗ, ಅದರೊಳಗೆ ಸುಣ್ಣ ಬಳಿದಂತೆ ಮೂರು ಮುಖ. ಕೇಳಿದ್ದು ಫ್ಯಾನು. ಒಂದು ಗಂಟೆ ಇಪ್ಪತ್ತು ನಿಮಿಷ ಫ್ಯಾನು. ನಡುನಡುವೆ ಬಾವಿಯೊಳಗಿಂದ ಯಾರೋ ಮಾತಾಡಿದ ಹಾಗೆ. ತಂಡದ ಹೆಸರು ಹೇಳಲ್ಲ. ಹೇಳಿದರೆ ಅವರೊಬ್ಬರದೇ ತಪ್ಪು ಅನ್ನಿಸುತ್ತೆ. ಆ ವರ್ಷ ರಂಗಮಂದಿರಗಳ ಬಾಗಿಲು ಮತ್ತೆ ತೆಗೆದ ಮೇಲೆ, ಅಂದರೆ ಅಕ್ಟೋಬರ್ 15ರ ನಂತರ, ನಾನು ನೋಡಿದ ಲೈವ್‌ಗಳಲ್ಲಿ ಹೆಚ್ಚಿನವು ಹೀಗೇ ಇದ್ದವು.

ಲೈವ್ ಯಾಕೆ ಬೇಕಾಯ್ತು ಅನ್ನೋದು ಗೊತ್ತು. ಕೋವಿಡ್ ಹರಡದಿರಲಿ ಅಂತ ಆಗ ಒಳಾಂಗಣದಲ್ಲಿ ಅರ್ಧ ಸೀಟು, ಎಷ್ಟೇ ದೊಡ್ಡ ಹಾಲ್ ಆದರೂ 200 ಜನ ದಾಟಬಾರದು ಅಂತ ನಿಯಮ ಇತ್ತು. 320 ಸೀಟಿನ ಹಾಲ್ ಆದರೆ 160. ಮಾರ್ಚಿನಿಂದ ಮುಚ್ಚಿದ್ದ ಬಾಗಿಲು ಆಗಷ್ಟೇ ತೆಗೆದಿತ್ತು, ವಯಸ್ಸಾದವರು ಬರೋದಕ್ಕೆ ಹೆದರುತ್ತಿದ್ದರು. ಹಾಗಾಗಿ ಬಾರದವರಿಗೆ ಮೊಬೈಲಿನಲ್ಲಿ ತೋರಿಸೋಣ ಅನ್ನೋ ಆಸೆ. ಒಳ್ಳೆಯ ಆಸೆಯೇ. ಆದರೆ ಆಸೆ ಪೂರೈಸೋಕೆ ಮಾಡಿಕೊಂಡ ಸಿದ್ಧತೆ ಏನು? ಒಂದು ಮೊಬೈಲು, ಒಂದು ಟ್ರೈಪಾಡು, ಹಿಂದಿನ ಸಾಲು. ಮುಗೀತು.

ಸ್ವಾಮಿ, ಹಿಂದಿನ ಸಾಲಿನಲ್ಲಿ ಮೊಬೈಲಿಗೆ ಏನು ಕೇಳಿಸುತ್ತೆ ಅಂತ ಒಮ್ಮೆ ಲೆಕ್ಕ ಹಾಕಿ. ದೂರ ಎರಡು ಪಟ್ಟಾದಾಗಲೆಲ್ಲ ನಟನ ಬಾಯಿಂದ ನೇರ ಬರುವ ದನಿ 6 ಡೆಸಿಬೆಲ್ ಇಳಿಯುತ್ತೆ. ಒಂದು ಮೀಟರಿನಿಂದ 16 ಮೀಟರಿಗೆ ಹೋದರೆ ನಾಲ್ಕು ಸಲ ದುಪ್ಪಟ್ಟು, ಅಂದರೆ 24 ಡೆಸಿಬೆಲ್ ಖೋತಾ. ಉಳಿದ ಜಾಗವನ್ನು ತುಂಬೋದು ಗೋಡೆಗೆ ಬಡಿದು ವಾಪಸ್ ಬರೋ ದನಿ. ಮನುಷ್ಯರ ಮೈ, ಬಟ್ಟೆ ಈ ಮಾರ್ದನಿಯನ್ನು ಹೀರುತ್ತವೆ. ಆಗ ಅರ್ಧ ಸೀಟು ಖಾಲಿ, ಮಾರ್ದನಿ ಹೀರುವ ಮೈಗಳೂ ಅರ್ಧ. ಹಿಂದಿನ ವರ್ಷ ಸುಮಾರಾಗಿ ಕೇಳುತ್ತಿದ್ದ ಹಾಲ್ ಆ ವರ್ಷ ಕಲ್ಯಾಣ ಮಂಟಪದ ಥರ ಗುಂಯ್‌ಗುಟ್ಟಿದ್ದು ಅದಕ್ಕೇ. ಸಾಲದ್ದಕ್ಕೆ ಗಾಳಿಯಾಡಲಿ ಅಂತ ಏಸಿ ಆಫ್, ಫ್ಯಾನ್ ಆನ್, ಬಾಗಿಲು ಓಪನ್. ಸೋಂಕಿನ ದೃಷ್ಟಿಯಿಂದ ಪೂರ್ತಿ ಸರಿ, ಮೈಕಿನ ದೃಷ್ಟಿಯಿಂದ ಪೂರ್ತಿ ಅನಾಹುತ.

ಮೊಬೈಲಿಗೆ ಇನ್ನೊಂದು ಅತಿಬುದ್ಧಿ ಇದೆ. ದನಿ ಚಿಕ್ಕದಾದರೆ ತಾನೇ ಹಿಗ್ಗಿಸುತ್ತೆ, ಜೋರಾದರೆ ತಾನೇ ಅದುಮುತ್ತೆ. ಪರಿಣಾಮ ಏನು? ನಾಯಕಿ ಮೂರು ಸೆಕೆಂಡ್ ಸುಮ್ಮನಿದ್ದು ಕಣ್ಣೀರು ಹಾಕಬೇಕಾದ ಕಡೆ ಫ್ಯಾನು ವಿಮಾನದಂತೆ ಏರುತ್ತೆ. ನಾಯಕ ಕಿರುಚಿದ ಕೂಡಲೇ ಅವನ ಮುಂದಿನ ನಾಲ್ಕು ಪದ ಮುಳುಗುತ್ತವೆ. ನಿರ್ದೇಶಕರು ಎರಡು ತಿಂಗಳು ತಾಲೀಮಿನಲ್ಲಿ ತಿದ್ದಿ ತೀಡಿದ ಮೌನವನ್ನು ಆ ಮೊಬೈಲು ಚಿತ್ರಾನ್ನ ಮಾಡಿ ಕೊಡುತ್ತೆ.

"ಸೌಂಡಿನವರ ಮಿಕ್ಸರಿನಿಂದ ವೈರ್ ಎಳೆದಿದ್ವಿ ಸಾರ್" ಅಂತ ಹೇಳೋ ತಂಡಗಳೂ ಇವೆ. ಸಂತೋಷ. ಆದರೆ ಎಲ್ಲ ಮೈಕುಗಳ ದನಿ ಬೆರೆಸೋ ಆ ಮಿಕ್ಸರಿನಿಂದ ಬರೋದು ಲೈನ್ ಮಟ್ಟದ, ಅಂದರೆ ಮೈಕಿನದಕ್ಕಿಂತ ಎಷ್ಟೋ ಬಲವಾದ ಸಿಗ್ನಲ್ಲು. ಅದನ್ನು ಮೊಬೈಲಿನ ಮೈಕ್ ತೂತಿಗೆ ನೇರ ತುರುಕಿದರೆ ಮಾತು ಹಳೇ ಸೀರೆ ಹರಿದ ಹಾಗೆ ಹರಿಯುತ್ತೆ. ಮಟ್ಟ ತಗ್ಗಿಸೋ ಪ್ಯಾಡ್ ಇರುವ ಕೇಬಲ್ಲೋ, ದನಿಯನ್ನು ಮೊಬೈಲಿಗೆ ಒಗ್ಗುವಂತೆ ಬದಲಿಸಿಕೊಡೋ ಒಂದು ಸಣ್ಣ ಆಡಿಯೋ ಇಂಟರ್‌ಫೇಸೋ ನಡುವೆ ಬೇಕು. ಪಿನ್ ಕೂಡ ನೋಡಿಕೊಳ್ಳಿ. ಹೆಡ್‌ಫೋನ್ ತೂತಿರುವ ಮೊಬೈಲಿಗೆ ಬೇಕಾದ್ದು ಮೂರು ಕಪ್ಪು ಗೆರೆಯ ಪಿನ್. ಕ್ಯಾಮೆರಾಕ್ಕೆ ಮಾಡಿದ ಕಾಲರ್ ಮೈಕಿನಲ್ಲಿ ಎರಡೇ ಗೆರೆ. ಅದನ್ನು ಚುಚ್ಚಿದರೆ ಮೊಬೈಲು ಮೈಕ್ ಇದೆ ಅಂತ ಗುರುತಿಸೋದೇ ಇಲ್ಲ, ತನ್ನದೇ ಮೈಕಿನಲ್ಲಿ ಫ್ಯಾನು ಕೇಳ್ತಾ ಕೂತಿರುತ್ತೆ. ಪರೀಕ್ಷೆ ಸುಲಭ: ರೆಕಾರ್ಡ್ ಒತ್ತಿ ಮೈಕನ್ನು ಉಗುರಿನಿಂದ ಕೆರೆಯಿರಿ, ಆಮೇಲೆ ಮೊಬೈಲಿನ ಬುಡ ಕೆರೆಯಿರಿ. ಯಾವುದು ಜೋರಾಗಿ ದಾಖಲಾಯ್ತೋ ಕೆಲಸ ಮಾಡ್ತಿರೋ ಮೈಕ್ ಅದೇ. ಅರ್ಧ ನಿಮಿಷದ ಕೆಲಸ. ಯಾರೂ ಮಾಡಲ್ಲ.

ಇನ್ನೂ ಒಂದು. ಮಿಕ್ಸರಿಗೆ ಗೊತ್ತಿರೋದು ಮೈಕ್ ಮುಂದೆ ಬಂದದ್ದು ಮಾತ್ರ. ವಿಂಗಿನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ಕೂತ ಹಾರ್ಮೋನಿಯಂಗೆ ಮೈಕ್ ಇದ್ದು ನಟರಿಗೆ ಇಲ್ಲದಿದ್ದರೆ ಮನೆಯವರಿಗೆ ಹಾರ್ಮೋನಿಯಂ ಕಛೇರಿ. ಪ್ರೇಕ್ಷಕರ ನಗುವೂ ಬರಲ್ಲ, ಹಾಸ್ಯ ಸನ್ನಿವೇಶ ಸಾವಿನ ಮನೆಯಂತಿರುತ್ತೆ. ನಗುವಿಗೆ ಅಂತ ಹಾಲಿನಲ್ಲಿ ಇನ್ನೊಂದು ಮೈಕ್ ಇಟ್ಟರೆ, 17 ಮೀಟರ್ ದೂರಕ್ಕೆ ದನಿ 50 ಮಿಲಿಸೆಕೆಂಡ್ ತಡವಾಗಿ ತಲುಪುತ್ತೆ. ಎರಡನ್ನೂ ಹಾಗೇ ಬೆರೆಸಿದರೆ ಪ್ರತಿ ಮಾತಿಗೂ ಒಂದು ನೆರಳು. ಮಿಕ್ಸರಿನ ದನಿಯನ್ನು ಅಷ್ಟೇ ತಡಮಾಡಿದರೆ ಸರಿಹೋಗುತ್ತೆ.

"ನಾವು ಹವ್ಯಾಸಿಗಳು, ಅಷ್ಟೆಲ್ಲ ದುಡ್ಡೆಲ್ಲಿ?" ಅನ್ನುತ್ತೀರಿ. ಗೊತ್ತಿತ್ತು. ಸರಿ, ದುಡ್ಡಿಲ್ಲದೆ ಮಾಡೋ ದಾರಿ ಹೇಳ್ತೀನಿ, ಆದರೆ ಅದಕ್ಕೆ ಲೈವ್ ಹುಚ್ಚು ಬಿಡಬೇಕು.

ತಂಡದಲ್ಲೇ ಮೂರು ಮೊಬೈಲ್ ಇರುತ್ತವೆ. 30 ಅಡಿ ಅಗಲದ ರಂಗವಾದರೆ ಮುಂಅಂಚಿನಲ್ಲಿ 10ನೇ ಅಡಿಗೊಂದು, 20ನೇ ಅಡಿಗೊಂದು. ಫ್ಲೈಟ್ ಮೋಡಿಗೆ ಹಾಕಿ, ವಾಯ್ಸ್ ರೆಕಾರ್ಡರ್ ಒತ್ತಿ, ಮೈಕ್ ಇರುವ ತುದಿ ನಟರ ಕಡೆಗಿಟ್ಟು ಮಲಗಿಸಿ. ಕೆಳಗೆ ನಾಲ್ಕು ಮಡಿಕೆ ಟವೆಲ್ ಇರಲೇಬೇಕು, ಇಲ್ಲದಿದ್ದರೆ ಹಲಗೆ ಮೇಲಿನ ಹೆಜ್ಜೆ ಗುಡುಗಿನಂತೆ ಬರುತ್ತೆ. ಮೂರನೆಯದು ವಿಡಿಯೋಗೆ, ಸಭಾಂಗಣದ ನಡುವಿನ ಸಾಲಿನಲ್ಲಿ, ಕೂತವರ ತಲೆಗಿಂತ ಮೇಲೆ. ನಾಟಕ ಶುರುವಾಗೋ ಮೊದಲು ರಂಗದ ಮಧ್ಯೆ ನಿಂತು ಒಬ್ಬರು ಜೋರಾಗಿ ಒಂದು ಚಪ್ಪಾಳೆ, ಮುಗಿದ ಮೇಲೆ ಇನ್ನೊಂದು. ಮರುದಿನ ಚಪ್ಪಾಳೆಗೆ ಚಪ್ಪಾಳೆ ಕೂಡಿಸಿದರೆ ದನಿ, ಚಿತ್ರ ಎರಡೂ ಹೊಂದುತ್ತವೆ. ಕೊನೆಯ ಚಪ್ಪಾಳೆ ಯಾಕೆಂದರೆ ಮೊಬೈಲುಗಳ ಗಡಿಯಾರ ಒಂದೇ ವೇಗದಲ್ಲಿ ಓಡಲ್ಲ. ಒಂದೂವರೆ ಗಂಟೆಯಲ್ಲಿ ತುಟಿಗೂ ಮಾತಿಗೂ ತಾಳ ತಪ್ಪಬಹುದು. ದನಿಯ ಉದ್ದವನ್ನು ಹಿಗ್ಗಿಸೋದೋ ಕುಗ್ಗಿಸೋದೋ ಅಂತ ಕೊನೆಯ ಚಪ್ಪಾಳೆ ಹೇಳುತ್ತೆ. ಈ ಕೂಡಿಸೋ ಕೆಲಸಕ್ಕೆ ಬೇಕಾದ ಸಾಫ್ಟ್‌ವೇರ್, ದನಿಗೆ ಆಡಾಸಿಟಿ, ವಿಡಿಯೋಗೆ ಡಾವಿಂಚಿ ರಿಸಾಲ್ವ್, ಎರಡೂ ಉಚಿತವಾಗಿ ಸಿಗುತ್ತವೆ.

ಚಿತ್ರಕ್ಕೂ ಎರಡು ಮಾತು. ಅತಿ ಹೆಚ್ಚು ಬೆಳಕಿನಲ್ಲಿ ನಿಂತ ನಟನ ಮುಖದ ಮೇಲೆ ಬೆರಳಿಟ್ಟು ಹಿಡಿದು ಎಕ್ಸ್‌ಪೋಶರ್ (ಬೆಳಕಿನ ಮಟ್ಟ) ಲಾಕ್ ಮಾಡಿ, ಕೊಂಚ ಕೆಳಗಿಳಿಸಿ. ಮುಖ ಸುಣ್ಣವಾಗಲ್ಲ. ನಮ್ಮ ಕರೆಂಟು 50 ಹರ್ಟ್ಜ್, ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದೊಂದು ಫ್ರೇಮಿಗೂ ಬೆಳಕು ಬೀಳೋ ಹೊತ್ತು) ಸೆಕೆಂಡಿನ 1/50. ಇಲ್ಲದಿದ್ದರೆ ಕೆಲವು ಎಲ್‌ಇಡಿ ದೀಪಗಳಲ್ಲಿ ಪರದೆ ತುಂಬ ಪಟ್ಟೆ ಓಡುತ್ತೆ. ಜಾಗ ಖಾಲಿ ಮಾಡಿಕೊಳ್ಳಿ. 1080ಪಿ ವಿಡಿಯೋ ನಿಮಿಷಕ್ಕೆ 130 ಎಂಬಿ ತನಕ ತಿನ್ನಬಹುದು, 80 ನಿಮಿಷಕ್ಕೆ 10 ಜಿಬಿ. ಕ್ಲೈಮ್ಯಾಕ್ಸಿನಲ್ಲಿ "ಸ್ಟೋರೇಜ್ ಫುಲ್" ಅಂತ ಬಂದರೆ ಯಾವ ದೇವರೂ ಕಾಯಲ್ಲ.

"ರೆಕಾರ್ಡ್ ಮಾಡಿದರೆ ಅದು ನಾಟಕವೇ ಅಲ್ಲ, ನಾಟಕ ಅಂದರೆ ಜೀವಂತ" ಅನ್ನೋ ಸಿದ್ಧಾಂತಿಗಳು ಈಗ ಕಾಮೆಂಟಿಗೆ ಬರ್ತಾರೆ. ಬನ್ನಿ, ಕುರ್ಚಿ ಹಾಕಿದೀನಿ, ಒಂದು ಬಿಟ್ಟು ಒಂದು. ಮೊಬೈಲಿನಲ್ಲಿ ಜೀವಂತವಾಗಿದ್ದದ್ದು ಫ್ಯಾನು ಮಾತ್ರ ಅಲ್ವಾ? 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದ ನೆಲ ಇದು. ಚಿತ್ರವೇ ಇಲ್ಲದೆ ಬರೀ ದನಿಯಲ್ಲಿ ರೇಡಿಯೋ ನಾಟಕ ಕೇಳಿ ಅತ್ತವರು ನಮ್ಮ ಮನೆಗಳಲ್ಲೇ ಇದ್ದಾರೆ. ದನಿಯಿಲ್ಲದೆ ಬರೀ ಚಿತ್ರ ನೋಡಿ ಅತ್ತವರು ಯಾರಾದರೂ ಇದ್ದರೆ ಅವರು ಆ ಲೈವ್ ಮಾಡಿದವರೇ ಇರಬೇಕು. ಕರಾವಳಿಯ ಯಕ್ಷಗಾನದ ಲೈವ್ ನೋಡಿ. ಗದ್ದೆಯಲ್ಲಿ ಹಾಕಿದ ರಂಗ, ಆದರೂ ಭಾಗವತರ ಪದ ಅಕ್ಷರ ಅಕ್ಷರ ಕೇಳುತ್ತೆ. ಅವರ ಬಾಯಿ ಮುಂದೆ ಮೈಕ್ ಇರುತ್ತೆ ಅನ್ನೋದೇ ರಹಸ್ಯ.

ನಟರು ತಂತಮ್ಮ ಮನೆಯಿಂದಲೇ ವಿಡಿಯೋ ಕರೆಯಲ್ಲಿ ಆಡೋ ಝೂಮ್ ನಾಟಕಗಳ ಬಗ್ಗೆ ಹೆಚ್ಚು ಹೇಳಲ್ಲ, ಲಾಕ್‌ಡೌನಿನಲ್ಲಿ ಮಾಡಿದ ಧೈರ್ಯಕ್ಕೆ ಗೌರವ ಇದೆ. ಒಂದೇ ವಿನಂತಿ, ದಯವಿಟ್ಟು ಅಲ್ಲಿ ಮೇಳದ ಹಾಡು ಹಾಡಬೇಡಿ. ಒಟ್ಟಿಗೆ ಹಾಡೋಕೆ 25-30 ಮಿಲಿಸೆಕೆಂಡಿನೊಳಗೆ ದನಿ ತಲುಪಬೇಕು, ಇಂಟರ್ನೆಟ್ಟಿನಲ್ಲಿ ಅದರ ಹಲವು ಪಟ್ಟು ತಡವಾಗುತ್ತೆ. ಹಾರ್ಮೋನಿಯಂನ ಎಳೆದ ಶ್ರುತಿಯನ್ನು ಝೂಮ್ ಗಲಾಟೆ ಅಂತ ತಿಳಿದು ಅಳಿಸಿಹಾಕುತ್ತೆ, "ಒರಿಜಿನಲ್ ಸೌಂಡ್" ಆನ್ ಮಾಡದಿದ್ದರೆ. ಉಚಿತ ಖಾತೆಯಾದರೆ 40ನೇ ನಿಮಿಷಕ್ಕೆ ಪರದೆ ತಾನೇ ಬೀಳುತ್ತೆ, ನಿರ್ದೇಶಕರ ಅಪ್ಪಣೆ ಕೇಳಲ್ಲ.

ಕೋಪ ಯಾಕೆ ಇಷ್ಟು ಅಂದರೆ, ಆ ಸಂಜೆಯ ನಾಟಕದಲ್ಲಿ ಹುಡುಗಿಯೊಬ್ಬಳು ಚೆನ್ನಾಗಿ ಮಾಡುತ್ತಿದ್ದಳು ಅನ್ನಿಸ್ತು. ಕೈ, ಕತ್ತು, ನಡಿಗೆ ಎಲ್ಲ ಹೇಳುತ್ತಿದ್ದವು. ಏನು ಹೇಳುತ್ತಿದ್ದಳು ಅನ್ನೋದು ಮಾತ್ರ ಕೊನೆಗೂ ಗೊತ್ತಾಗಲಿಲ್ಲ. ಕೆಳಗೆ ಕಾಮೆಂಟಿನಲ್ಲಿ ನಾನೂ "ಸೂಪರ್" ಅಂತ ಹಾಕಿ ಬಂದೆ, ನಾಚಿಕೆಗೇಡು.

ಅದರ ಮುಂದಿನ ಶನಿವಾರ ಇನ್ನೊಂದು ತಂಡದ ಲೈವ್ ಇತ್ತಂತೆ. ಹೊಸ ಟ್ರೈಪಾಡ್ ತಗೊಂಡ ಫೋಟೋ ಹಾಕಿದ್ದರು, ಹೂವು ಕುಂಕುಮ ಇಟ್ಟು ಪೂಜೆ ಮಾಡಿ. ಮೈಕಿನ ಫೋಟೋ ಹುಡುಕಿದೆ, ಎಲ್ಲೂ ಕಾಣಲಿಲ್ಲ.