ಗುಂಟೆಗೆ 86 ರೂಪಾಯಿ ಬರ

ನಮ್ಮ ಚಿಕ್ಕಪ್ಪನಿಗೆ ಒಂದು ಎಕರೆ ಹನ್ನೆರಡು ಗುಂಟೆ ಖುಷ್ಕಿ ಇದೆ. 2023ರಲ್ಲಿ ರಾಗಿ ಹಾಕಿದ್ದರು. ಪೈರು ಬಂತು, ತೆನೆ ಬರಲಿಲ್ಲ. ಆಗಸ್ಟ್ ಪೂರ್ತಿ ಆಕಾಶ ನೋಡಿದ್ದೇ ಬಂತು.

ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಚಿಕ್ಕಪ್ಪನಿಗೆ ಎಷ್ಟು ಸಮಾಧಾನ ಅಂತೀರಿ! ಮಳೆ ಬಂದಿಲ್ಲ ಅನ್ನೋದು ಸರ್ಕಾರಕ್ಕೂ ಗೊತ್ತಾಯಿತಲ್ಲ.

ಆದರೆ ಬರ ಇದ್ದರೆ ಸಾಲದು, ಕಾಣಬೇಕು. ಕೇಂದ್ರದ ತಂಡ ನೋಡೋಕೆ ಬಂದಾಗ ಹೊಲಗಳು ಹಸಿರಾಗಿದ್ದವು. ಗರಿ ಇತ್ತು, ಕಾಳಿರಲಿಲ್ಲ, ಅದು ಕಾರಿನ ಗಾಜಿನಿಂದ ಹೇಗೆ ಗೊತ್ತಾಗಬೇಕು? ‘ಇದು ಹಸಿರು ಬರ’ ಅಂತ ನಮ್ಮ ಮಂತ್ರಿಗಳು ವಿವರಿಸಿ ಹೇಳಬೇಕಾಯಿತು. ಪೇಪರಿನಲ್ಲಿ ಇದನ್ನು ಓದಿ ಹೇಳಿದ್ದಕ್ಕೆ ಚಿಕ್ಕಪ್ಪ, “ಹಂಗಾದ್ರೆ ಅವರು ಬರೋ ಹಿಂದಿನ ದಿನ ಎರಡು ಎಮ್ಮೆ ಬಿಟ್ಟುಬಿಡ್ಲಾ?” ಅಂದರು.

ತಂಡ ನಮ್ಮೂರಿಗೆ ಬರಲಿಲ್ಲ. ಎಮ್ಮೆ ಮಾತ್ರ ಹೊಲಕ್ಕೆ ಹೋಯಿತು, ಕಾಳಿಲ್ಲದ ರಾಗಿಯನ್ನು ಇನ್ಯಾರು ತಿನ್ನಬೇಕು? ಆಮೇಲೆ ಬೆಳೆ ಸಮೀಕ್ಷೆಯ ಹುಡುಗ ಮೊಬೈಲ್ ಹಿಡಿದು ಬಂದ. ಚಿಕ್ಕಪ್ಪ ತಲೆ ಬಾಚಿಕೊಂಡು ಬಂದು ಪಕ್ಕದಲ್ಲಿ ನಿಂತರು. “ನೀವಲ್ಲ ಅಜ್ಜಾ, ಹೊಲ” ಅಂತ ಅವನು ಅವರನ್ನು ಆಚೆ ಸರಿಸಿ, ಫೋಟೊ ಹೊಡೆದು, ‘ಪಾಳು’ ಅಂತ ಒತ್ತಿಕೊಂಡು ಹೋದ. ಪಾಳು ಅಂದಮೇಲೆ ಬೆಳೆ ಇಲ್ಲ. ಬೆಳೆಯೇ ಇಲ್ಲ ಅಂದಮೇಲೆ ಬೆಳೆ ನಷ್ಟ ಎಲ್ಲಿಂದ ಬರಬೇಕು? ಹಸಿರಾಗಿದ್ದರೆ ಬರ ಇಲ್ಲ, ಒಣಗಿದ್ದರೆ ರೈತನೇ ಇಲ್ಲ!

ಆಕ್ಷೇಪಣೆ ಹಾಕಿ ಅದನ್ನು ಸರಿ ಮಾಡಿಸೋಕೆ ನಾಲ್ಕು ಸಲ ಓಡಾಟ, ಬಸ್ ಚಾರ್ಜು ಬೇರೆ. ಅಷ್ಟರಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಬರ ಪರಿಹಾರದ ದುಡ್ಡು ಬರಬೇಕಾದರೆ ‘ಫ್ರೂಟ್ಸ್’ ಅನ್ನೋ ತಂತ್ರಾಂಶದಲ್ಲಿ ರೈತನ ನಂಬರ್ ಇರಬೇಕು, ಪಹಣಿ ಅದಕ್ಕೆ ಜೋಡಣೆಯಾಗಿರಬೇಕು. ಹೊಲದಲ್ಲಿ ಫಲ ಬರದಿದ್ದರೂ ನಡೆಯುತ್ತೆ, ಕಂಪ್ಯೂಟರಲ್ಲಿ ಬಂದಿರಬೇಕು. ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇರುವವರ ಕಥೆ ಕೇಳಲೇಬೇಡಿ.

ಈಗ ಲೆಕ್ಕಕ್ಕೆ ಬನ್ನಿ. ಆಗ ಮಳೆಯಾಶ್ರಿತ ಬೆಳೆಗೆ ಪರಿಹಾರ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಮಾತ್ರ, ಅದೂ ಶೇ. 33ಕ್ಕಿಂತ ಕಮ್ಮಿ ಹಾಳಾಗಿದ್ದರೆ ಇಲ್ಲ. ನಮ್ಮೂರಲ್ಲಿ ಹೆಕ್ಟೇರ್ ಅಂದರೆ ಯಾರಿಗೆ ಅರ್ಥವಾಗುತ್ತೆ? ಗುಂಟೆಗೆ ತಂದರೆ ಸುಮಾರು 86 ರೂಪಾಯಿ. ಚಿಕ್ಕಪ್ಪನ 52 ಗುಂಟೆಗೆ 4,472.

ರಾಜ್ಯ ಕೇಂದ್ರವನ್ನು ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್ ಕೊನೆಗೆ 3,454 ಕೋಟಿ ಸಿಕ್ಕಿತು. ಅದಕ್ಕೂ ಮುಂಚೆ ರಾಜ್ಯ ಮೊದಲ ಕಂತು ಅಂತ ಒಬ್ಬೊಬ್ಬ ರೈತನಿಗೆ 2,000 ರೂಪಾಯಿವರೆಗೆ ಹಾಕಿತ್ತು. ನೀನು ಕೊಡಲಿಲ್ಲ, ನಾನು ಕೊಟ್ಟೆ ಅಂತ ಟಿವಿಯಲ್ಲಿ ಇಬ್ಬರೂ ಜಗಳ ಆಡುತ್ತಿದ್ದ ಸದ್ದಿಗೆ, ಕೊಟ್ಟಿದ್ದು ಎಷ್ಟು ಅಂತ ಕೇಳೋದೇ ಮರೆತುಹೋಗಿತ್ತು.

ಉಳಿದ 2,472 ರೂಪಾಯಿ ಮೇ ತಿಂಗಳಲ್ಲಿ ಬಂತಂತೆ. ಯಾವ ಖಾತೆಗೆ? ಎಂದೋ ಗ್ಯಾಸ್ ಸಬ್ಸಿಡಿಗೆ ಅಂತ ಮಾಡಿಸಿದ್ದ, ಪಾಸ್‌ಬುಕ್ಕೇ ಕಳೆದುಹೋದ ಖಾತೆಗೆ. ಆಧಾರ್ ಮ್ಯಾಪಿಂಗ್ ಅಲ್ಲಿಗೇ ಆಗಿದೆಯಂತೆ. ಬ್ಯಾಂಕಿಗೆ ಹೋದರೆ ಹಳೇ ಬಾಕಿಗೆ ಮುರಿದುಕೊಂಡಿದ್ದಾರೆ. ಪರಿಹಾರದ ದುಡ್ಡು ಸಾಲಕ್ಕೆ ಮುರಿದುಕೊಳ್ಳಬಾರದು ಅಂತ ಸರ್ಕಾರ ಹೇಳಿದೆಯಲ್ಲ ಸಾರ್ ಅಂದೆ. “ಇದು ಸಿಸ್ಟಮ್ಮೇ ಕಟ್ ಮಾಡೋದು” ಅಂದರು. ಅರ್ಜಿ ಕೊಡಿ, ನೋಡೋಣ ಅಂದರು.

ಅರ್ಜಿ ಬರೆದುಕೊಟ್ಟು ಹೊರಗೆ ಬಂದರೆ ಧೋ ಅಂತ ಮಳೆ. ಇಬ್ಬರಲ್ಲೂ ಛತ್ರಿ ಇಲ್ಲ. ಚಿಕ್ಕಪ್ಪ ಎಟಿಎಂ ಒಳಗೆ ನಿಂತು ಮಳೆಯನ್ನೇ ನೋಡುತ್ತಾ ಕೇಳಿದರು: “ಈ ಫೋಟೊ ಹೊಡೆಯೋ ಹುಡುಗ ಈಗ ಬಂದ್ರೆ ಏನಂತ ಒತ್ತಿಕೊಳ್ತಾನೆ, ಕೆರೆ ಅಂತಲಾ?”