ರೈಲು ಬಂತು, ಬಸ್ಸು ಬರಲಿಲ್ಲ

ದೆಹಲಿಯ ಕಾಶ್ಮೀರಿ ಗೇಟ್ ಮೆಟ್ರೋ ನಿಲ್ದಾಣಕ್ಕೂ ನಮ್ಮ ಕಾರವಾರದ ರೈಲು ನಿಲ್ದಾಣಕ್ಕೂ ಒಂದು ನಂಟಿದೆ. ಎರಡೂ ಇ. ಶ್ರೀಧರನ್ ಅವರ ಮುಂದಾಳತ್ವದಲ್ಲಿ ಆದ ಕೆಲಸ. 1990ರಲ್ಲಿ ಅವರು ಕೊಂಕಣ ರೈಲ್ವೆಯ ಹೊಣೆ ಹೊತ್ತರು, ಅದು ಮುಗಿಯುವ ಹೊತ್ತಿಗೆ ದೆಹಲಿ ಮೆಟ್ರೋ ಕೈಗೆ ಬಂತು. ನಾನು ಕಾರವಾರದವನು, ನೌಕರಿ ದೆಹಲಿಯಲ್ಲಿ. ಹಾಗಾಗಿ ಈ ಎರಡು ನಿಲ್ದಾಣಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಅಭ್ಯಾಸವಾಗಿಬಿಟ್ಟಿದೆ.

ಕಾಶ್ಮೀರಿ ಗೇಟ್ ಹಳೇ ದೆಹಲಿಯ ಕೋಟೆ ಬಾಗಿಲು. 1857ರಲ್ಲಿ ಅಲ್ಲಿ ದೊಡ್ಡ ಕಾಳಗವೇ ನಡೆದಿತ್ತು. 1976ರಲ್ಲಿ ಅದರ ಹತ್ತಿರ ಅಂತರರಾಜ್ಯ ಬಸ್ ನಿಲ್ದಾಣ ಆಯಿತು. ಹಿಮಾಚಲ, ಉತ್ತರಾಖಂಡ, ಪಂಜಾಬ್ ಕಡೆಯ ಬಹಳಷ್ಟು ಬಸ್ಸುಗಳು ಇಲ್ಲಿಂದಲೇ. 2002ರ ಡಿಸೆಂಬರ್ 25ರಂದು ಜನರಿಗಾಗಿ ಮೊದಲ ಮೆಟ್ರೋ ಓಡಿತು. ಶಾಹದರಾದಿಂದ ತೀಸ್ ಹಜಾರಿವರೆಗೆ, ಬರೀ 8.4 ಕಿ.ಮೀ., 6 ನಿಲ್ದಾಣ. ಅಷ್ಟು ಚಿಕ್ಕ ದಾರಿಯಲ್ಲೂ ಕಾಶ್ಮೀರಿ ಗೇಟ್ ಇತ್ತು. 2004ರಲ್ಲಿ ಹಳದಿ ಲೈನ್ ನೆಲದಡಿಯಿಂದ ಬಂದು ಸೇರಿತು, 2017ರಲ್ಲಿ ನೇರಳೆ ಲೈನ್. ಈಗ ಮೇಲೊಂದು ಗಾಡಿ, ಕೆಳಗೆ ಎರಡು. ಮೆಟ್ರೋ ಇಳಿದು ಬ್ಯಾಗ್ ಹಿಡಿದು ನಡೆದರೆ ಸಾಕು, ಶಿಮ್ಲಾ ಬಸ್ಸು ಸಿಗುತ್ತದೆ. ಜನ ಮೊದಲೇ ಸೇರುತ್ತಿದ್ದ ಜಾಗವನ್ನು ಹುಡುಕಿಕೊಂಡು ಮೆಟ್ರೋ ಬಂತು, ಅಲ್ವಾ?

ನಮ್ಮಲ್ಲಿ ಸ್ಟೇಷನ್ ಇರುವುದು ಊರಾಚೆ ಶಿರವಾಡದಲ್ಲಿ. ಇದಕ್ಕೆ ಇಂಜಿನಿಯರುಗಳನ್ನು ಬೈಯುವುದು ನ್ಯಾಯವಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ನಡುವೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಗಂಟೆಗೆ 160 ಕಿ.ಮೀ. ವೇಗ ತಾಳುವ ಹಾಗೆ ಹಳಿ ಹಾಕಬೇಕಿತ್ತು. ಅಂಥ ಹಳಿ ಊರೂರಿನ ಪೇಟೆ ಹುಡುಕಿ ಸುತ್ತು ಹಾಕಲು ಆಗುವುದಿಲ್ಲ. ಕಾರವಾರದ ಸುರಂಗವೇ ಹತ್ತಿರ ಹತ್ತಿರ 3 ಕಿ.ಮೀ. ಇದೆ. ಹೊನ್ನಾವರದ ಶರಾವತಿ ಸೇತುವೆ 2 ಕಿ.ಮೀ.ಗೂ ಜಾಸ್ತಿ. 1998ರ ಜನವರಿಯಲ್ಲಿ ಇಡೀ ದಾರಿ ತೆರೆದಾಗ ಕರಾವಳಿಗೆ ಸಿಕ್ಕಿದ್ದು ಸಣ್ಣ ಲಾಭವಲ್ಲ.

ನನ್ನ ತಕರಾರು ಆಮೇಲಿನ ಕೆಲಸದ ಬಗ್ಗೆ. ಹಳಿ ಊರಿಗೆ ಬರಲಾಗದಿದ್ದರೆ ಊರಿನ ಬಸ್ಸಾದರೂ ಹಳಿ ಹತ್ತಿರ ಬರಬೇಕಿತ್ತು. ಕಳೆದ ಮಳೆಗಾಲದಲ್ಲಿ ಪ್ಯಾಸೆಂಜರ್ ಗಾಡಿಯಿಂದ ನನ್ನ ಜೊತೆ ಒಬ್ಬ ಅಜ್ಜಿ ಇಳಿದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಸ್ಟೀಲ್ ಕ್ಯಾರಿಯರ್. ಆಸ್ಪತ್ರೆಯಲ್ಲಿದ್ದ ಮಗನಿಗೆ ಗಂಜಿ ತಂದಿದ್ದರು. 'ತಮಾ, ಪೇಟೆಗೆ ಬಸ್ಸು ಎಷ್ಟೊತ್ತಿಗೆ?' ಅಂತ ಕೇಳಿದರು. ಹೇಳುವವರು ಯಾರೂ ಇರಲಿಲ್ಲ, ಗೋಡೆಯ ಮೇಲೆ ಒಂದು ವೇಳಾಪಟ್ಟಿಯೂ ಕಾಣಲಿಲ್ಲ. ಆಟೋದವರು ಹೇಳಿದ ರೇಟು ಕೇಳಿ ಅಜ್ಜಿ ಕ್ಯಾರಿಯರ್ ಕೆಳಗಿಟ್ಟು ಸುಮ್ನೆ ನಿಂತುಬಿಟ್ಟರು. ಒಂದೇ ಆಟೋದಲ್ಲಿ ಹೋದೆವು, ಅದು ಬೇರೆ ಮಾತು. ಅವರು ರೈಲಿಗೆ ಕೊಟ್ಟ ದುಡ್ಡಿಗಿಂತ ಆ ಆಟೋದ ದುಡ್ಡೇ ಜಾಸ್ತಿ. ಇದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

'ದೆಹಲಿಯಷ್ಟು ಜನ ನಮ್ಮಲ್ಲಿ ಎಲ್ಲಿ, ಖಾಲಿ ಬಸ್ಸು ಓಡಿಸೋದಾ?' ಅಂತ ಊರಿನ ಗೆಳೆಯರು ಕೇಳುತ್ತಾರೆ. ಇಡೀ ದಿನ ಓಡಿಸಿ ಅಂತ ಯಾರು ಹೇಳಿದರು? ಕಾರವಾರದಲ್ಲಿ ಎಷ್ಟು ಗಾಡಿ ನಿಲ್ಲುತ್ತವೆ, ಯಾವ ಹೊತ್ತಿಗೆ ಅನ್ನುವುದು ಮೊದಲೇ ಗೊತ್ತಿರುವ ಲೆಕ್ಕ. ಬೆಂಗಳೂರಿನ ಪಂಚಗಂಗಾ ಬಂದಾಗ ಒಂದು ಬಸ್ಸು, ಮುಂಬೈಯ ಮತ್ಸ್ಯಗಂಧಾ ಬಂದಾಗ ಒಂದು, ನಮ್ಮ ದೆಹಲಿ ಕಡೆಯ ಮಂಗಳಾ ಬಂದಾಗ ಒಂದು. ಗಾಡಿ ಲೇಟಾದರೆ ಬಸ್ಸೂ ಕಾಯಬೇಕು. ಕುಮಟಾದಲ್ಲಿ ಇಳಿದು ದೇವಿಮನೆ ಘಾಟಿ ಹತ್ತಿ ಶಿರಸಿಗೆ ಹೋಗುವವರಿಗೂ ಹೀಗೇ ಆಗಬೇಕು. ಶಿರಸಿಗಂತೂ ರೈಲೇ ಇಲ್ಲ, ಅವರಿಗೆ ಕುಮಟಾವೇ ಸ್ಟೇಷನ್. ಹೊಸ ಹಳಿ ಬೇಡ, ಹೊಸ ಕಟ್ಟಡ ಬೇಡ. ರೈಲಿನವರು, ಬಸ್ಸಿನವರು ಒಂದು ಸಲ ಕೂತು ಎರಡು ವೇಳಾಪಟ್ಟಿಗಳನ್ನು ಹೊಂದಿಸಿ, ಪ್ಲಾಟ್‌ಫಾರ್ಮಿನಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆದು ಹಾಕಲಿ. ಬರುವ ಮಳೆಗಾಲದೊಳಗೆ ಮಾಡಬಹುದಾದ ಕೆಲಸ ಇದು.